ದೂರು ಕೇಳುವ ಕಿವಿ ಯಾರದಾಗಿರಬೇಕು

ಧರ್ಮಸಭೆಯೊಂದು ತನ್ನ ಆಶ್ರಯದಲ್ಲಿರುವ ಮಕ್ಕಳನ್ನು ಕಾಯುವ ಕೆಲಸವನ್ನು ತನ್ನ ಅಧಿಕಾರದ ಹೊರಗಿರುವ ಸ್ವತಂತ್ರ ಸಂಸ್ಥೆಯೊಂದಕ್ಕೆ ಪೂರ್ತಿಯಾಗಿ ಒಪ್ಪಿಸಬೇಕೇ ಎಂಬ ಪ್ರಶ್ನೆ 2025ರ ಫೆಬ್ರವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಜನರಲ್ ಸಿನಡ್‌ನ ಎದುರು, ಅಂದರೆ ಬಿಷಪ್ಪರು, ಪಾದ್ರಿಗಳು ಮತ್ತು ಸಾಮಾನ್ಯ ಸಭಿಕರು ಮೂರು ಸದನಗಳಾಗಿ ಕುಳಿತು ಆ ಧರ್ಮಸಭೆಗೆ ಕಾನೂನು ರೂಪಿಸುವ ಪರಿಷತ್ತಿನ ಎದುರು, ನಿರ್ಣಯಕ್ಕೆ ಬಂದಿತು. ಮಕ್ಕಳ ರಕ್ಷಣೆಯಲ್ಲಿ ಆದ ಲೋಪದ ಹೊಣೆ ಹೊತ್ತು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರು ರಾಜೀನಾಮೆ ಘೋಷಿಸಿ ಆಗ ಮೂರು ತಿಂಗಳಷ್ಟೇ ಕಳೆದಿತ್ತು. ಆದರೂ ಸಿನಡ್ ಅರ್ಧದಾರಿಯನ್ನು ಆರಿಸಿಕೊಂಡಿತು. ರಾಷ್ಟ್ರಮಟ್ಟದಲ್ಲಿ ಈ ಕೆಲಸ ಮಾಡುವವರು ಹೊಸ ಸ್ವತಂತ್ರ ಸಂಸ್ಥೆಗೆ ಹೋಗಲಿ, ಆದರೆ ಡಯಾಸಿಸ್‌ಗಳಲ್ಲಿ, ಅಂದರೆ ಒಬ್ಬೊಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರಾಂತ್ಯಗಳಲ್ಲಿ, ಮತ್ತು ಕೆಥೆಡ್ರಲ್‌ಗಳಲ್ಲಿ ದುಡಿಯುವವರು ಸದ್ಯಕ್ಕೆ ಅಲ್ಲಿಯ ನೌಕರರಾಗಿಯೇ ಉಳಿಯಲಿ, ಪೂರ್ಣ ಸ್ವಾತಂತ್ರ್ಯದ ಮಾದರಿಯನ್ನು ಇನ್ನಷ್ಟು ಪರಿಶೀಲಿಸೋಣ ಎಂದು ಅದು ತೀರ್ಮಾನಿಸಿತು. ಈ ತೀರ್ಮಾನ ತಪ್ಪು. ಮಗುವಿನ ದೂರನ್ನು ಕೇಳುವವರ ಸಂಬಳವೂ ಕೆಲಸದ ಭದ್ರತೆಯೂ ದೂರಿನಿಂದ ಮುಜುಗರಕ್ಕೆ ಒಳಗಾಗಬಹುದಾದ ಸಂಸ್ಥೆಯ ಕೈಯಲ್ಲೇ ಇರುವವರೆಗೆ ಮಗುವಿಗಿಂತ ಸಂಸ್ಥೆಯ ಹೆಸರು ಮೊದಲು ಕಾಯಲ್ಪಡುತ್ತದೆ ಎಂಬುದಕ್ಕೆ ಆ ಸಭೆಯ ನಲವತ್ತು ವರ್ಷಗಳ ಇತಿಹಾಸವೇ ಸಾಕ್ಷಿಯಾಗಿದೆ.

ವೆಲ್ಬಿ ಅವರ ರಾಜೀನಾಮೆಗೆ ಕಾರಣವಾದದ್ದು ಜಾನ್ ಸ್ಮಿತ್ ಎಂಬ ವ್ಯಕ್ತಿಯ ಪ್ರಕರಣ. ಆತ ಪಾದ್ರಿಯಲ್ಲ, ಹೆಸರಾಂತ ಬ್ಯಾರಿಸ್ಟರ್. 1977ರಲ್ಲಿ ಗೇ ನ್ಯೂಸ್ ಪತ್ರಿಕೆಯ ಮೇಲೆ ನಡೆದ ದೈವನಿಂದೆಯ ಮೊಕದ್ದಮೆಯಲ್ಲಿ ಅದನ್ನು ಹೂಡಿದ ಮೇರಿ ವೈಟ್‌ಹೌಸ್ ಅವರ ಪರ ನಿಂತು ಸಾರ್ವಜನಿಕ ನೈತಿಕತೆಯ ಕಾವಲುಗಾರನೆಂದು ಗುರುತಿಸಿಕೊಂಡವನು. ಡಾರ್ಸೆಟ್‌ನ ಐವರ್ನ್ ಎಂಬಲ್ಲಿ ಪ್ರತಿಷ್ಠಿತ ವಸತಿಶಾಲೆಗಳ ಹುಡುಗರಿಗಾಗಿ ನಡೆಯುತ್ತಿದ್ದ ಕ್ರೈಸ್ತ ರಜಾಶಿಬಿರಗಳ ಟ್ರಸ್ಟಿಗೆ 1970ರ ದಶಕದಲ್ಲಿ ಆತ ಅಧ್ಯಕ್ಷನಾಗಿದ್ದ. ನಾಳೆ ದೇಶವನ್ನೂ ಧರ್ಮಸಭೆಯನ್ನೂ ಮುನ್ನಡೆಸಬೇಕಾದ ಹುಡುಗರನ್ನು ಇಂದೇ ವಿಶ್ವಾಸಕ್ಕೆ ತರಬೇಕೆಂಬುದು ಆ ಶಿಬಿರಗಳ ಗುರಿಯಾಗಿತ್ತು. ಅಲ್ಲಿ ಪರಿಚಯವಾದ ಹುಡುಗರನ್ನು ಆತ ವಿಂಚೆಸ್ಟರ್‌ನ ತನ್ನ ಮನೆಗೆ ಕರೆದು, ಪಾಪಕ್ಕೆ ಪ್ರಾಯಶ್ಚಿತ್ತವೆಂದು ನಂಬಿಸಿ, ತೋಟದ ಶೆಡ್ಡಿನಲ್ಲಿ ರಕ್ತ ಸುರಿಯುವಂತೆ ಬೆತ್ತದಿಂದ ಹೊಡೆಯುತ್ತಿದ್ದ. ಹುಡುಗನ ಭಕ್ತಿಯೇ ಇಲ್ಲಿ ಅವನನ್ನು ಕಟ್ಟಿಹಾಕುವ ಹಗ್ಗವಾಯಿತು. ಧಾರ್ಮಿಕ ಸಮುದಾಯದೊಳಗಿನ ದೌರ್ಜನ್ಯ ಉಳಿದ ದೌರ್ಜನ್ಯಗಳಿಗಿಂತ ಭಿನ್ನವಾಗುವುದು ಈ ಕಾರಣಕ್ಕೆ: ಹಿಂಸಿಸುವವನು ದೇವರ ಹೆಸರಿನಲ್ಲಿ ಮಾತನಾಡುವುದರಿಂದ ಅವನನ್ನು ಎದುರಿಸುವುದೆಂದರೆ ದೇವರನ್ನೇ ಎದುರಿಸಿದಂತೆ ಎಂದು ಮಗು ನಂಬುತ್ತದೆ, ನೋವನ್ನು ಹೇಳಿಕೊಳ್ಳಲು ಮಗು ಹೋಗಬಹುದಾಗಿದ್ದ ಹಿರಿಯರೂ ಆ ನಂಬಿಕೆಯ ವಲಯದೊಳಗೇ ಇರುತ್ತಾರೆ.

ಶಿಬಿರದ ಮುಖಂಡರಿಗೆ ಇದು ಗೊತ್ತಾಗಲಿಲ್ಲವೆಂದಲ್ಲ. 1982ರಲ್ಲೇ ಮಾರ್ಕ್ ರಸ್ಟನ್ ಎಂಬ ಪಾದ್ರಿ ಹುಡುಗರನ್ನು ಮಾತನಾಡಿಸಿ ವರದಿಯೊಂದನ್ನು ಬರೆದರು, ಅದು ಆಯ್ದ ಕೆಲವರ ಕೈಗಳಲ್ಲಿ ಓಡಾಡಿತು. ಅದೇ ವರ್ಷ ವಿಂಚೆಸ್ಟರ್ ಕಾಲೇಜ್ ಎಂಬ ವಸತಿಶಾಲೆಯ ಮುಖ್ಯಸ್ಥರಿಗೂ ವಿಷಯ ತಿಳಿದು, ಶಾಲೆಯ ಹುಡುಗರಿಂದ ದೂರವಿರುವಂತೆ ಆತನಿಗೆ ಹೇಳಲಾಯಿತು. ಆದರೆ ಪೊಲೀಸರ ಬಳಿಗೆ ಯಾರೂ ಹೋಗಲಿಲ್ಲ. ಸಂಗತಿ ಬಯಲಾದರೆ ದೇವರ ಕಾರ್ಯಕ್ಕೆ ಧಕ್ಕೆಯಾದೀತೆಂಬ ಭಯವೇ ಅವರ ಕೈಗಳನ್ನು ಕಟ್ಟಿತೆಂದು ಹಲವು ದಶಕಗಳ ನಂತರ ಬಂದ ವಿಚಾರಣಾ ವರದಿ ತೋರಿಸಿಕೊಟ್ಟಿದೆ. ಅವರಲ್ಲಿ ಹೆಚ್ಚಿನವರು ಕ್ರೂರಿಗಳಾಗಿರಲಿಲ್ಲ. ಪ್ರಾರ್ಥನೆ ಮಾಡುವ, ಹುಡುಗರ ಬಗ್ಗೆ ಮರುಕವಿದ್ದ ಜನರೇ ಆಗಿದ್ದರು. ಒಳ್ಳೆಯ ಜನ ಒಳಗಿದ್ದರೆ ಮಕ್ಕಳು ಸುರಕ್ಷಿತ ಎಂಬ ವಾದ ಕುಸಿಯುವುದೇ ಇಲ್ಲಿ.

ಮುಂದೆ ನಡೆದದ್ದು ಇನ್ನೂ ಹೆಚ್ಚು ನಾಚಿಕೆಗೇಡಿನದು. 1984ರಲ್ಲಿ ಸ್ಮಿತ್ ಜಿಂಬಾಬ್ವೆಗೆ ಹೋದ. ಆತನ ಕೃತ್ಯಗಳು ಇಂಗ್ಲೆಂಡಿನ ಕೆಲವು ಪಾದ್ರಿಗಳಿಗೆ ಗೊತ್ತಿದ್ದರೂ ಅಲ್ಲಿಯ ಹುಡುಗರ ತಂದೆತಾಯಿಗಳಿಗೆ ಯಾರೂ ಹೇಳಲಿಲ್ಲ, ಆತನ ಹೊಸ ಶಿಬಿರಗಳಿಗೆ ಇಂಗ್ಲೆಂಡಿನ ಬೆಂಬಲಿಗರಿಂದ ಹಣ ಮಾತ್ರ ಹೋಗುತ್ತಿತ್ತು. ಆತ ಅಲ್ಲಿಯೂ ಹುಡುಗರನ್ನು ಹೊಡೆದ. 1992ರ ಡಿಸೆಂಬರ್‌ನಲ್ಲಿ ಮರೊಂಡೇರಾದ ಶಿಬಿರದಲ್ಲಿ 16 ವರ್ಷದ ಹುಡುಗನೊಬ್ಬನ ಶವ ಈಜುಕೊಳದಲ್ಲಿ ಸಿಕ್ಕಿತು. ಸ್ಮಿತ್‌ನ ಮೇಲೆ ನರಹತ್ಯೆಯ ಆರೋಪ ಹೊರಿಸಲಾಯಿತಾದರೂ ಮೊಕದ್ದಮೆ ಕುಸಿದುಬಿತ್ತು. ಡೇವಿಡ್ ಕೋಲ್ಟಾರ್ಟ್ ಎಂಬ ವಕೀಲರು 1993ರಲ್ಲೇ ಆತನ ನಡವಳಿಕೆಯ ಬಗ್ಗೆ ವಿವರವಾದ ವರದಿಯನ್ನು ಸಿದ್ಧಪಡಿಸಿದ್ದರೂ ಆತ ನಂತರ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಅಲ್ಲಿ ಗೌರವಾನ್ವಿತನಾಗಿಯೇ ಬದುಕಿದ. ಆತನಿಂದ ಹಿಂಸೆಗೊಳಗಾದ ಹುಡುಗರು ಮತ್ತು ತರುಣರ ಸಂಖ್ಯೆ 130ರಷ್ಟಿರಬಹುದೆಂದು ವಿಚಾರಣೆ ಅಂದಾಜಿಸಿತು. ಅವರಲ್ಲಿ ಬಹುಪಾಲು ಆಫ್ರಿಕಾದವರು. ತಮ್ಮ ಅಂಗಳದ ಗಂಡಾಂತರ ಸಮುದ್ರ ದಾಟಿ ಹೋದರೆ ಅದು ತೀರಿತೆಂದು ಭಾವಿಸಿದ ಹಿರಿಯರಿಗೆ ಕಪ್ಪು ಮಕ್ಕಳ ಮೈ ಲೆಕ್ಕಕ್ಕೆ ಬರಲಿಲ್ಲವೆಂಬ ಮಾತನ್ನು ಮೃದುಗೊಳಿಸಿ ಹೇಳಲು ಯಾವ ಕಾರಣವೂ ಇಲ್ಲ.

2013ರಲ್ಲಿ, ಅಂದರೆ ವೆಲ್ಬಿ ಆರ್ಚ್‌ಬಿಷಪ್ ಆದ ವರ್ಷ, ಸಂತ್ರಸ್ತರೊಬ್ಬರ ಮಾತು ಅವರ ಕಚೇರಿಯವರೆಗೂ ತಲುಪಿತು. ವೆಲ್ಬಿ ಸ್ವತಃ ತಾರುಣ್ಯದಲ್ಲಿ ಐವರ್ನ್ ಶಿಬಿರಗಳಲ್ಲಿ ಕೆಲಸ ಮಾಡಿದವರು. ಆಗಲಾದರೂ ಬ್ರಿಟನ್ನಿನ ಪೊಲೀಸರಿಗೂ ದಕ್ಷಿಣ ಆಫ್ರಿಕಾದ ಅಧಿಕಾರಿಗಳಿಗೂ ವಿಧಿವತ್ತಾಗಿ ತಿಳಿಸಬಹುದಿತ್ತು ಮತ್ತು ತಿಳಿಸಬೇಕಾಗಿತ್ತು ಎಂಬುದು ಕೀತ್ ಮೇಕಿನ್ ಅವರು ನಡೆಸಿದ, 2024ರ ನವೆಂಬರ್ 7ರಂದು ಪ್ರಕಟವಾದ ಆ ವಿಚಾರಣೆಯ ನಿರ್ಣಾಯಕ ಮಾತು. 2017ರ ಫೆಬ್ರವರಿಯಲ್ಲಿ ಚಾನೆಲ್ 4 ಎಂಬ ದೂರದರ್ಶನ ವಾಹಿನಿ ಈ ಸುದ್ದಿಯನ್ನು ಹೊರಗೆಡಹುವವರೆಗೂ ಪ್ರಕರಣ ಮಲಗಿಯೇ ಇತ್ತು. 2018ರ ಆಗಸ್ಟ್‌ನಲ್ಲಿ ಸ್ಮಿತ್ ಕೇಪ್‌ಟೌನ್‌ನಲ್ಲಿ ಸತ್ತ, ಬ್ರಿಟಿಷ್ ನ್ಯಾಯಾಲಯದ ಕಟಕಟೆಯನ್ನು ಆತ ಒಮ್ಮೆಯೂ ಹತ್ತಲಿಲ್ಲ.

ಇದನ್ನು ಒಬ್ಬ ವ್ಯಕ್ತಿಯ ಅಪವಾದವೆಂದು ತಳ್ಳಿಹಾಕುವವರು ಲೈಂಗಿಕ ದೌರ್ಜನ್ಯ ಎಸಗಿದ ಬಿಷಪ್ ಪೀಟರ್ ಬಾಲ್ ಅವರ ಪ್ರಕರಣಕ್ಕೂ ಉತ್ತರ ಹೇಳಬೇಕಾಗುತ್ತದೆ. 1993ರಲ್ಲಿ ಬಾಲ್ ಪೊಲೀಸರ ಎಚ್ಚರಿಕೆಯನ್ನು, ಅಂದರೆ ತಪ್ಪನ್ನು ಒಪ್ಪಿಕೊಂಡರೆ ಮೊಕದ್ದಮೆಯಿಲ್ಲದೆ ಮುಗಿಯುವ ಕ್ರಮವನ್ನು, ಸ್ವೀಕರಿಸಿ ಗ್ಲಾಸ್ಟರ್‌ನ ಬಿಷಪ್ ಪದವಿಯನ್ನು ಬಿಟ್ಟರು. ಆ ಕಾಲದಲ್ಲಿ ಆರ್ಚ್‌ಬಿಷಪ್ಪರ ಕಚೇರಿಗೆ ಬಾಲ್ ವಿರುದ್ಧ ಹಲವು ಪತ್ರಗಳು ಬಂದರೂ ಪೊಲೀಸರಿಗೆ ತಲುಪಿದ್ದು ಒಂದೇ ಎಂದು 2017ರಲ್ಲಿ ಬಂದ ಗಿಬ್ ವರದಿ ತಿಳಿಸಿತು. ಬಾಲ್ ಜೈಲಿಗೆ ಹೋದದ್ದು 2015ರಲ್ಲಿ, 32 ತಿಂಗಳ ಶಿಕ್ಷೆಗೆ; ನಡುವೆ ಇಪ್ಪತ್ತೆರಡು ವರ್ಷಗಳು ಕಳೆದಿದ್ದವು.

ಇಂತಹ ಸಭೆ ತನ್ನನ್ನು ತಾನೇ ಪರಿಶೀಲಿಸಿಕೊಂಡಾಗ ಏನು ಕಾಣುತ್ತದೆ ಎಂಬುದಕ್ಕೂ ದಾಖಲೆಯಿದೆ. ಹಳೆಯ ಕಡತಗಳ ಮೊದಲ ಪರಿಶೀಲನೆ ಮುಗಿದು 2010ರಲ್ಲಿ ಬಂದ ಪ್ರಕಟಣೆಯ ಪ್ರಕಾರ 40,000ಕ್ಕೂ ಹೆಚ್ಚು ಕಡತಗಳನ್ನು ನೋಡಿದ ಮೇಲೆ ವಿಧಿವತ್ತಾದ ಕ್ರಮ ಬೇಕಾಗಿದ್ದ ಪ್ರಕರಣಗಳು 13 ಮಾತ್ರ. ಆ ಅಂಕಿಯನ್ನು ಯಾರೂ ನಂಬದೆ ಎರಡನೆಯ ಪರಿಶೀಲನೆ ನಡೆದು 2022ರಲ್ಲಿ ಫಲಿತಾಂಶ ಬಂದಾಗ 383 ಹೊಸ ಪ್ರಕರಣಗಳು ಹೊರಬಿದ್ದವು. ಈ ನಡುವೆ ಪ್ರೊಫೆಸರ್ ಅಲೆಕ್ಸಿಸ್ ಜೇ ಅವರ ಅಧ್ಯಕ್ಷತೆಯ ಸರ್ಕಾರಿ ವಿಚಾರಣಾ ಆಯೋಗ 2020ರ ಅಕ್ಟೋಬರ್‌ನಲ್ಲಿ ನೀಡಿದ ವರದಿಯಲ್ಲಿ, 1940ರ ದಶಕದಿಂದ 2018ರವರೆಗೆ ಈ ಸಭೆಯ ಪಾದ್ರಿಗಳು ಮತ್ತು ನಂಬಿಕೆಯ ಸ್ಥಾನದಲ್ಲಿದ್ದ ಇತರರು ಸೇರಿ 390 ಜನ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಶಿಕ್ಷೆಗೊಳಗಾಗಿದ್ದಾರೆಂದು ಲೆಕ್ಕ ಕೊಟ್ಟಿತು. ಅವು ನ್ಯಾಯಾಲಯದಲ್ಲಿ ಸಾಬೀತಾದವು ಮಾತ್ರ ಎಂಬುದನ್ನು ಮರೆಯಬಾರದು.

ಸ್ವಾತಂತ್ರ್ಯವನ್ನು ಅರ್ಧ ಕೊಟ್ಟರೆ ಏನಾಗುತ್ತದೆಂದು ತಿಳಿಯಲು ಸಿನಡ್ ಮುಂದಿನ ಕಾಲವನ್ನು ಕಾಯಬೇಕಾಗಿರಲಿಲ್ಲ. ಇಂಡಿಪೆಂಡೆಂಟ್ ಸೇಫ್‌ಗಾರ್ಡಿಂಗ್ ಬೋರ್ಡ್ ಎಂಬ ಹೆಸರಿನಲ್ಲಿ 2021ರಲ್ಲಿ ಒಂದು ಮಂಡಳಿ ರಚನೆಯಾಗಿತ್ತು. ಸೇಫ್‌ಗಾರ್ಡಿಂಗ್ ಎಂದರೆ ಮಕ್ಕಳನ್ನೂ ದುರ್ಬಲರನ್ನೂ ಹಾನಿಯಿಂದ ಮುಂಚಿತವಾಗಿ ಕಾಯುವ, ಹಾನಿಯಾದಾಗ ಸ್ಪಂದಿಸುವ ಒಟ್ಟು ವ್ಯವಸ್ಥೆ. ಹೆಸರಿನಲ್ಲಿ ಸ್ವಾತಂತ್ರ್ಯವಿದ್ದರೂ ಅದರ ಸದಸ್ಯರನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡದ್ದು ಧರ್ಮಸಭೆಯ ಕಾರ್ಯಾಂಗವಾದ ಆರ್ಚ್‌ಬಿಷಪ್ಪರ ಕೌನ್ಸಿಲ್. ಸದಸ್ಯರಾದ ಜಸ್ವಿಂದರ್ ಸಂಘೇರಾ ಮತ್ತು ಸ್ಟೀವ್ ರೀವ್ಸ್ ತಮ್ಮ ಕೆಲಸದಲ್ಲಿ ಹಸ್ತಕ್ಷೇಪವಾಗುತ್ತಿದೆಯೆಂದು ಬಹಿರಂಗವಾಗಿ ಹೇಳಿದ ಮೇಲೆ 2023ರ ಜೂನ್‌ನಲ್ಲಿ ಅದೇ ಕೌನ್ಸಿಲ್ ಅವರ ಗುತ್ತಿಗೆಯನ್ನು ರದ್ದುಮಾಡಿ ಮಂಡಳಿಯನ್ನು ವಿಸರ್ಜಿಸಿತು. ತಮ್ಮ ಪ್ರಕರಣಗಳನ್ನು ಆ ಇಬ್ಬರ ಮುಂದೆ ಬಿಚ್ಚಿಟ್ಟಿದ್ದ ಸಂತ್ರಸ್ತರು ಒಂದೇ ದಿನದಲ್ಲಿ ದಿಕ್ಕಿಲ್ಲದವರಾದರು. ನೇಮಿಸುವ ಮತ್ತು ತೆಗೆದುಹಾಕುವ ಅಧಿಕಾರ ಒಳಗಿರುವಾಗ ಸ್ವಾತಂತ್ರ್ಯವು ಸಂಸ್ಥೆಯ ಸೌಜನ್ಯ ಇರುವಷ್ಟು ದಿನ ಮಾತ್ರ ಬಾಳುತ್ತದೆ. ಈ ವಿಸರ್ಜನೆಯ ನಂತರ ಸಭೆಯೇ ಕರೆದು ಕೆಲಸ ಒಪ್ಪಿಸಿದ ಜೇ ಅವರು 2024ರ ಫೆಬ್ರವರಿಯಲ್ಲಿ ಎರಡು ಪ್ರತ್ಯೇಕ ಧರ್ಮಾರ್ಥ ಸಂಸ್ಥೆಗಳನ್ನು ಸೂಚಿಸಿದರು: ಒಂದು ರಕ್ಷಣಾ ಕೆಲಸವನ್ನು ನಡೆಸಲು, ಇನ್ನೊಂದು ಅದರ ಮೇಲೆ ಕಣ್ಣಿಡಲು. ಸ್ಥಳೀಯ ಅಧಿಕಾರಿಗಳು ಡಯಾಸಿಸ್‌ಗಳ ನೌಕರಿಯಲ್ಲೇ ಉಳಿದು ಮೇಲ್ವಿಚಾರಣೆ ಮಾತ್ರ ಬದಲಾದರೆ ಸಾಕೆಂದು 2020ರಲ್ಲಿ ಹೇಳಿದ್ದ ಆಯೋಗದ ಅಧ್ಯಕ್ಷೆಯೇ ನಾಲ್ಕು ವರ್ಷಗಳ ಅನುಭವದ ನಂತರ ಅದು ಸಾಲದೆಂದದ್ದನ್ನು ಸಿನಡ್ ಗಂಭೀರವಾಗಿ ಪರಿಗಣಿಸಬೇಕಾಗಿತ್ತು.

ಅರ್ಧದಾರಿಯ ಪರವಾಗಿ ಬಂದ ವಾದಗಳಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಡಯಾಸಿಸ್‌ನ ಅಧಿಕಾರಿಗೆ ಊರೂರಿನ ಸಭೆಗಳ ಪರಿಚಯವಿರುತ್ತದೆ, ಭಾನುವಾರ ಶಾಲೆಯನ್ನು ನಡೆಸುವ ಸ್ವಯಂಸೇವಕರು ಅನುಮಾನ ಬಂದ ಕೂಡಲೇ ಅವರನ್ನೇ ಕೇಳುತ್ತಾರೆ, ದೂರದ ಕಚೇರಿಯೊಂದು ಈ ಬಳಕೆಯನ್ನು ಕಡಿದುಹಾಕೀತು ಎಂಬ ಆತಂಕ ನಿಜವಾದದ್ದೇ. ಆದರೆ ಅಧಿಕಾರಿ ಕೂರುವ ಊರು ಬೇರೆ, ಅವರ ಉದ್ಯೋಗದಾತ ಬೇರೆ. ಅದೇ ಊರಿನಲ್ಲಿ, ಅದೇ ಜನರ ನಡುವೆ ಇದ್ದುಕೊಂಡು ಹೊರಗಿನ ಸಂಸ್ಥೆಯ ನೌಕರರಾಗಿರಲು ಅಡ್ಡಿಯೇನಿಲ್ಲ. 42 ಡಯಾಸಿಸ್‌ಗಳ ಸಿಬ್ಬಂದಿಯ ವರ್ಗಾವಣೆ ತೊಡಕಿನದೆಂಬ ಮಾತೂ ನಿಜ. ಆದರೆ ಧರ್ಮಸಭೆಯ ದತ್ತಿನಿಧಿಯನ್ನು ನೋಡಿಕೊಳ್ಳುವ ಚರ್ಚ್ ಕಮಿಷನರ್ಸ್ ಬಳಿ 1,000 ಕೋಟಿ ಪೌಂಡ್‌ಗೂ ಮಿಕ್ಕಿದ ಸಂಪತ್ತಿರುವಾಗ ತೊಡಕನ್ನು ಬಿಡಿಸಲು ಬೇಕಾದ ವಕೀಲರಿಗೂ ಹಣಕ್ಕೂ ಕೊರತೆಯಿಲ್ಲ.

ಇವೆರಡಕ್ಕಿಂತ ಆಳವಾದದ್ದು ಕ್ಷಮೆಯ ವಾದ. ಅದನ್ನು ಸಿನಡ್‌ನಲ್ಲಿ ಯಾರೂ ಗಟ್ಟಿಯಾಗಿ ಮುಂದಿಡುವುದಿಲ್ಲವಾದರೂ ಸಭೆಗಳ ಒಳಮನೆಗಳಲ್ಲಿ ದೂರುಗಳು ಕರಗಿಹೋಗುವುದು ಅದರಲ್ಲೇ. ತಪ್ಪು ಮಾಡಿದ ಸಹೋದರನ ಬಳಿಗೆ ಒಬ್ಬಂಟಿಯಾಗಿ ಹೋಗಿ ತಿಳಿಹೇಳು, ಲೆಕ್ಕವಿಡದೆ ಕ್ಷಮಿಸು ಎಂಬ ಬೋಧನೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಆದರೆ ಆ ಅಧ್ಯಾಯ ಆರಂಭವಾಗುವುದು ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸುವುದರಿಂದ, ಇಂತಹ ಚಿಕ್ಕವರಿಗೆ ಕೇಡು ಮಾಡುವವನ ಬಗ್ಗೆ ಆತ ಆಡುವ ಅತ್ಯಂತ ಕಠೋರವಾದ ಮಾತಿನಿಂದ. ನಂತರದ ಭಾಗವನ್ನು ಮಾತ್ರ ಓದಿ, ಕ್ಷಮಿಸುವ ಹಕ್ಕು ನೊಂದ ಮಗುವಿನದೆಂಬುದನ್ನು ಬದಿಗಿಟ್ಟು, ಮಗುವಿನ ಪರವಾಗಿ ಹಿರಿಯರೇ ಕ್ಷಮಿಸಿ ಮುಗಿಸುವುದು ಸುವಾರ್ತೆಗೆ ಬಗೆದ ದ್ರೋಹ. ಅಪರಾಧಿಯ ಪಶ್ಚಾತ್ತಾಪ ನಿಜವಾಗಿದ್ದರೆ ಅದು ಪೊಲೀಸ್ ಠಾಣೆಯಲ್ಲಿಯೂ ನಿಜವಾಗಿಯೇ ಇರುತ್ತದೆ.

ಇಲ್ಲಿಯೇ ಕಾನೂನಿನ ಪ್ರಶ್ನೆ ಏಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಅದನ್ನು ಅಧಿಕಾರಿಗಳಿಗೆ ತಿಳಿಸಲೇಬೇಕೆಂಬ ಶಾಸನಬದ್ಧ ಕಡ್ಡಾಯ ಇಂಗ್ಲೆಂಡಿನಲ್ಲಿ ದಶಕಗಳ ಕಾಲ ಇರಲಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಯ ಕಿವಿಗೆ ಬಿದ್ದ ಸಂಗತಿಗೂ ವಿನಾಯಿತಿ ಕೊಡದಂತೆ ಅದನ್ನು ಜಾರಿಗೆ ತರಬೇಕೆಂದು ಜೇ ಆಯೋಗ 2022ರ ಅಂತಿಮ ವರದಿಯಲ್ಲಿ ಕೇಳಿತು. 2025ರ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂದ ಮಸೂದೆ ಕರ್ತವ್ಯವನ್ನು ವಿಧಿಸಿತಾದರೂ, ತಿಳಿಸದೆ ಸುಮ್ಮನಿದ್ದವರನ್ನು ಕ್ರಿಮಿನಲ್ ಅಪರಾಧಿಗಳನ್ನಾಗಿಸದೆ, ತಿಳಿಸುವವರನ್ನು ತಡೆದವರಿಗೆ ಮಾತ್ರ ಶಿಕ್ಷೆಯನ್ನು ಇಟ್ಟಿತು. 1982ರ ಐವರ್ನ್ ಮುಖಂಡರ ರೀತಿಯ ಸಭ್ಯ ಮೌನಕ್ಕೆ ಇದರಿಂದ ಯಾವ ಭಯವೂ ಹುಟ್ಟದು. ಈ ಒಂದು ವಿಷಯದಲ್ಲಿ ಭಾರತದ ಶಾಸನ ಮುಂದಿದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂದು ಶಂಕಿಸಿದ ಪ್ರತಿಯೊಬ್ಬ ವ್ಯಕ್ತಿಯೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ, 21ನೇ ಕಲಮು ತಿಳಿಸದವರಿಗೆ ಆರು ತಿಂಗಳವರೆಗೆ, ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಗುರುಪೀಠಕ್ಕೂ ಬಿಷಪ್ ಪದವಿಗೂ ಅದು ವಿನಾಯಿತಿ ಕೊಟ್ಟಿಲ್ಲ.

ಆದರೆ ಶಾಸನ ಮುಂದಿದೆಯೆಂಬ ಕಾರಣಕ್ಕೆ ಇಲ್ಲಿಯ ಸಭೆಗಳು ನಿಶ್ಚಿಂತೆಯಿಂದ ಇರುವಂತಿಲ್ಲ. ಆಂಗ್ಲಿಕನ್ನರು ಮತ್ತು ಇತರ ಪ್ರಾಟೆಸ್ಟಂಟ್ ಪಂಗಡಗಳು ಸೇರಿ 1947ರಲ್ಲಿ ರೂಪುಗೊಂಡ ಚರ್ಚ್ ಆಫ್ ಸೌತ್ ಇಂಡಿಯಾ ಇಂದಿಗೂ ವಿಶ್ವದ ಆಂಗ್ಲಿಕನ್ ಒಕ್ಕೂಟದ ಸದಸ್ಯ ಸಭೆ. ಬೆಂಗಳೂರು, ಧಾರವಾಡ, ಮಂಗಳೂರುಗಳನ್ನು ಕೇಂದ್ರವಾಗಿಟ್ಟುಕೊಂಡ ಅದರ ಮೂರು ಡಯಾಸಿಸ್‌ಗಳು ಕರ್ನಾಟಕದಲ್ಲಿ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುತ್ತವೆ. ಸುರಕ್ಷಿತ ಸಭೆಗಾಗಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ಸದಸ್ಯ ಸಭೆಗಳೂ ಅನುಸರಿಸಬೇಕೆಂದು ಆ ಒಕ್ಕೂಟದ ಸಮಾಲೋಚನಾ ಮಂಡಳಿ 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೇರಿದಾಗ ಕೇಳಿಕೊಂಡಿದೆ. ಅವುಗಳ ಪ್ರಕಾರ ಪ್ರತಿ ಡಯಾಸಿಸ್‌ನಲ್ಲೂ ದೂರು ಯಾರಿಗೆ ಕೊಡಬೇಕು, ಅವರನ್ನು ನೇಮಿಸುವವರು ಯಾರು, ತೆಗೆದುಹಾಕುವ ಅಧಿಕಾರ ಯಾರದು, ದೂರು ಬಂದ ಎಷ್ಟು ಹೊತ್ತಿನೊಳಗೆ ಅದು ಪೊಲೀಸರನ್ನು ಮುಟ್ಟಬೇಕು ಎಂಬುದನ್ನು ಕನ್ನಡದಲ್ಲಿ, ಕೊಂಕಣಿ ತುಳು ಮಾತಾಡುವ ತಾಯಂದಿರಿಗೂ ತಿಳಿಯುವ ಸರಳ ಮಾತಿನಲ್ಲಿ ಬರೆದು, ಪ್ರತಿ ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ಹಾಕುವುದಕ್ಕೆ ಯಾವ ಸಿನಡ್‌ನ ಮತದಾನವೂ ಬೇಕಿಲ್ಲ. ಇಂಗ್ಲೆಂಡಿನ ಸಿನಡ್ ಪರಿಶೀಲನೆಗೆಂದು ಮುಂದೂಡಿದ ಪೂರ್ಣ ಸ್ವಾತಂತ್ರ್ಯದ ಮಾದರಿಗೆ ಕಾಲಮಿತಿಯನ್ನು ಗೊತ್ತುಮಾಡುವ ಕೆಲಸ ಆ ಸಭೆಯ ಬಿಷಪ್ಪರ ಮೇಲಿದೆ. ಸ್ಮಿತ್‌ನ ಕೈಯಲ್ಲಿ ನೊಂದು ಬದುಕಿರುವವರಲ್ಲಿ ಹಲವರಿಗೆ ಈಗಾಗಲೇ ಐವತ್ತು, ಅರವತ್ತು ದಾಟಿದೆ.