ಗಾತ್ರವಲ್ಲ, ಬೆರಳೆಣಿಸಿ

ಹಾರುವ ಗಿಡುಗಗಳಾದ ಬಿಜ್ಜು, ಬೆಸ್ರಾ, ಸ್ಪ್ಯಾರೋಹಾಕ್‌ಗಳನ್ನು ಗಾತ್ರ ನೋಡಿಯೇ ಗುರುತಿಸಬಹುದು ಎಂದು ಕಳೆದ ಸಂಚಿಕೆಯ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ಯಾರ ಗಾತ್ರ ಸ್ವಾಮಿ, ಗಂಡಿನದೋ ಹೆಣ್ಣಿನದೋ? ಇವುಗಳಲ್ಲಿ ಹೆಣ್ಣೇ ದೊಡ್ಡದು. ಗಂಡು ಸ್ಪ್ಯಾರೋಹಾಕ್ ಹೆಚ್ಚುಕಡಿಮೆ ಹೆಣ್ಣು ಬಿಜ್ಜುವಿನಷ್ಟೇ ಇರುತ್ತದೆ.

ನೆತ್ತಿಯ ಮೇಲೆ ಸುತ್ತುವಾಗ ರೆಕ್ಕೆಯ ತುದಿ ನೋಡಿ. ಬಿಡಿಬಿಡಿಯಾಗಿ ಚಾಚಿದ ಗರಿಬೆರಳು 5 ಇದ್ದರೆ ಬಿಜ್ಜು ಇಲ್ಲವೇ ಬೆಸ್ರಾ. 6 ಇದ್ದರೆ ಚಳಿಗಾಲದ ಅತಿಥಿ ಸ್ಪ್ಯಾರೋಹಾಕ್. ಇನ್ನು ಬಿಜ್ಜು-ಬೆಸ್ರಾ ತಕರಾರು. ಬೆಳೆದ ಗಂಡು ಬಿಜ್ಜುವಿನ ರೆಕ್ಕೆಯಡಿ ಒಗೆದ ಪಂಚೆಯಂತೆ ಬಿಳುಪು, ತುದಿಯಷ್ಟೇ ಮಾಸಲು. ಬೆಸ್ರಾಕ್ಕೆ ಅಲ್ಲೆಲ್ಲ ಒತ್ತೊತ್ತು ಪಟ್ಟೆ, ಗಂಟಲ ನಡುವೆ ಎದ್ದುಕಾಣುವ ಕಪ್ಪುಗೆರೆ. (ಎಳೆಯ ಹಕ್ಕಿಗಳಲ್ಲಿ ನಾನೂ ಎಡವಿದ್ದೇನೆ.)

ಜೊತೆಗೆ ಅಚ್ಚಾದ 'ಬಿಜ್ಜು' ಚಿತ್ರ? ಅದು ಬಿಜ್ಜುವಿನ ವೇಷ ಹಾಕುವ ಕೋಗಿಲೆ ಜಾತಿಯ ಹಕ್ಕಿ. ಕೊಕ್ಕು ನೋಡಿ, ಕೊಕ್ಕೆಯೇ ಇಲ್ಲ!