ಮಿಲಿಟರಿ ಆಳ್ವಿಕೆ ಬೇಕು ಅನ್ನುವವರೇ, ಬರ್ಮಾ ಕಡೆ ಒಮ್ಮೆ ನೋಡಿ

"ಈ ದೇಶಕ್ಕೆ ಒಂದೈದು ವರ್ಷ ಮಿಲಿಟರಿ ಆಡಳಿತ ಬರಬೇಕು, ಎಲ್ಲ ನೆಟ್ಟಗಾಗುತ್ತೆ." ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಲಂಚಕ್ಕೆ ಬೇಸತ್ತವರ ಮಾತಿದು. ಬೇಸರ ನಿಜ. ಆದರೆ ಮದ್ದು ಅಂತ ಕೇಳುತ್ತಿರುವುದು ವಿಷ.

ಮಣಿಪುರ, ಮಿಜೋರಾಂ ಗಡಿ ದಾಟಿದರೆ ಮ್ಯಾನ್ಮಾರ್. ಹಳಬರ ಬಾಯಲ್ಲಿ ಬರ್ಮಾ. 2021ರ ಫೆಬ್ರವರಿ 1ರಂದು ಅಲ್ಲಿನ ಸೇನೆ ಜನ ಆರಿಸಿದ ಸರ್ಕಾರವನ್ನು ಇಳಿಸಿ ತಾನೇ ಕುರ್ಚಿ ಹಿಡಿಯಿತು. ಮೊದಲು ಮಾಡಿದ್ದೇನು? ಲಂಚ ನಿಲ್ಲಿಸಿತೇ? ಇಲ್ಲ. ಫೇಸ್‌ಬುಕ್ ಬಂದ್ ಮಾಡಿತು, ಮೊಬೈಲ್ ಇಂಟರ್‌ನೆಟ್ ಕಡಿಯಿತು. ದಂಡ ಸಂಹಿತೆಗೆ 505ಎ ಎಂಬ ಕಲಂ ಸೇರಿಸಿತು: ಸುಳ್ಳು ಸುದ್ದಿ ಹರಡಿದರೆ ಮೂರು ವರ್ಷದವರೆಗೆ ಜೈಲು. ಯಾವುದು ಸುಳ್ಳು ಅಂತ ಹೇಳುವುದೂ ಅವರೇ. ಮಾರ್ಚ್ 8ರಂದು ಒಂದೇ ದಿನ ಐದು ಸುದ್ದಿಸಂಸ್ಥೆಗಳ ಪರವಾನಗಿ ರದ್ದು.

"ಪತ್ರಕರ್ತರು ರಾಜಕೀಯ ಕೆದಕುವುದು ಯಾಕೆ? ಮಳೆ ಬೆಳೆ ಬರೆದುಕೊಂಡಿದ್ದರೆ ಯಾರು ಏನು ಮಾಡುತ್ತಾರೆ?" ಅನ್ನುವವರೂ ಇದ್ದಾರೆ. ಹಾಗಾದರೆ ಸಾಯ್ ಝಾ ಥೈಕೆ ಅವರ ಕಥೆ ಕೇಳಿ. ಅವರು 'ಮ್ಯಾನ್ಮಾರ್ ನೌ' ಸಂಸ್ಥೆಯ ಫೋಟೊಗ್ರಾಫರ್. 2023ರ ಮೇ 14ರಂದು ಮೋಕಾ ಚಂಡಮಾರುತ ರಖೈನ್ ಕರಾವಳಿಗೆ ಬಡಿಯಿತು. ಸತ್ತವರು 145 ಎಂದು ಸೇನೆ ಲೆಕ್ಕ ಕೊಟ್ಟಿತು. 400ಕ್ಕೂ ಹೆಚ್ಚು ಎಂದು ಬರೆದವರ ಮೇಲೆ ಕೇಸು ಹಾಕುತ್ತೇವೆ ಎಂದಿತು. ಚಂಡಮಾರುತದ ಹಾನಿಯ ಸುದ್ದಿ ಮಾಡಲು ಸಿತ್ವೆ ಊರಿಗೆ ಹೋಗಿದ್ದ ಇವರನ್ನು ಅದೇ ತಿಂಗಳು ಹಿಡಿದರು. ಸೆಪ್ಟೆಂಬರ್‌ನಲ್ಲಿ ಜೈಲಿನೊಳಗೇ ಸೇನಾ ನ್ಯಾಯಾಲಯ ಕೂತು ಶಿಕ್ಷೆ ಕೊಟ್ಟಿತು: 20 ವರ್ಷ.

ಗಾಳಿ ಮಳೆಗೆ ಮನೆ ಬಿದ್ದವರ ಫೋಟೊ ರಾಜಕೀಯವೇ? ಸರ್ವಾಧಿಕಾರಿಗೆ ಹೌದು. ಹೆಣಗಳ ಲೆಕ್ಕ ಏರಿದರೆ, ಸರ್ಕಾರ ಎಲ್ಲಿ ಸತ್ತಿತ್ತು ಅಂತ ಜನ ಕೇಳುತ್ತಾರಲ್ಲ!

ಇನ್ನೊಂದು ತಾರತಮ್ಯ ನೋಡಿ. ಅಮೆರಿಕದ ಪತ್ರಕರ್ತ ಡ್ಯಾನಿ ಫೆನ್‌ಸ್ಟರ್‌ಗೆ 2021ರ ನವೆಂಬರ್‌ನಲ್ಲಿ ಅಲ್ಲಿ 11 ವರ್ಷ ಶಿಕ್ಷೆಯಾಯಿತು. ಅಮೆರಿಕದಿಂದ ದೊಡ್ಡವರು ಬಂದು ಮಾತಾಡಿದರು, ಮೂರೇ ದಿನಕ್ಕೆ ಬಿಡುಗಡೆ. ಮುಂದಿನ ತಿಂಗಳು ಯಾಂಗೂನ್‌ನಲ್ಲಿ ಪ್ರತಿಭಟನೆಯ ಫೋಟೊ ತೆಗೆಯುತ್ತಿದ್ದ ಸ್ಥಳೀಯ ಫೋಟೊಗ್ರಾಫರ್ ಸೋ ನೈಂಗ್ ಅವರನ್ನು ಹಿಡಿದರು. ನಾಲ್ಕು ದಿನಕ್ಕೆ ಅವರು ಸೇನೆಯ ವಶದಲ್ಲೇ ಸತ್ತರು. ಅವರ ಪರ ವಿಮಾನ ಹತ್ತಿ ಬರುವವರು ಯಾರೂ ಇರಲಿಲ್ಲ. ಊರಿನ ಸುದ್ದಿ ಮಾಡುವವರ ಪಾಡೇ ಇಷ್ಟು.

ನಮ್ಮಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಇಲ್ಲೂ ಬರೆದವರಿಗೆ ಬೆದರಿಕೆ ಇದೆ, ಕೇಸು ಇದೆ. ಆದರೂ ಕೆಟ್ಟವರನ್ನು ಓಟು ಹಾಕಿ ಇಳಿಸುವ ದಾರಿ ನಮ್ಮ ಕೈಯಲ್ಲಿದೆ. ಬಂದೂಕು ಹಿಡಿದು ಕೂತವರನ್ನು ಇಳಿಸುವ ಬಟನ್ ಯಾವ ಬೂತಿನಲ್ಲೂ ಇರುವುದಿಲ್ಲ.

ಇನ್ನು ಯಾರಾದರೂ ಆ ಮೆಸೇಜ್ ಕಳಿಸಿದರೆ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾಳೆ ನಮ್ಮೂರಿಗೆ ನೆರೆ ಬಂದರೆ, ಸತ್ತವರೆಷ್ಟು ಅಂತ ನಿಜ ಹೇಳುವವರು ಯಾರು?