ಗೊಂಬೆ ಗೋಡೆಗೆ, ಆಟ ಯಾರ ಲೆಕ್ಕಕ್ಕೆ?

ಕನ್ನಡ ನಾಟಕದ ಚರಿತ್ರೆ ಎಲ್ಲಿಂದ ಆರಂಭವಾಗುವದು? ನಮ್ಮ ಪಂಡಿತ ಮಹಾಶಯರನ್ನು ಕೇಳಿರಿ. 17ನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಿಂಗರಾರ್ಯನು ಸಂಸ್ಕೃತ 'ರತ್ನಾವಳಿ'ಯನ್ನು ಅನುಸರಿಸಿ ಬರೆದ 'ಮಿತ್ರವಿಂದಾ ಗೋವಿಂದ'ವೇ ದೊರೆತ ಮೊದಲ ನಾಟಕ ಎನ್ನುವರು. ಸುಳ್ಳಲ್ಲ. ಆದರೆ ದೊರೆತದ್ದೆಂದರೆ ಬರಹದಲ್ಲಿ ದೊರೆತದ್ದು! ಬರೆಯಲು ಬಾರದವರು ಆಟವನ್ನೇ ಆಡಲಿಲ್ಲವೆ? ಅಲ್ಲಿಯವರೆಗೆ ಕುಷ್ಟಗಿ, ಯಲಬುರ್ಗಾದ ಜನ ಹೊತ್ತು ಮುಳುಗಿದೊಡನೆ ಹೊದ್ದು ಮಲಗುತ್ತಿದ್ದರೆ?

ಕೊಪ್ಪಳದ ಪಕ್ಕದ ಮೊರನಾಳಕ್ಕೆ ಬರೋಣ. 2025ರಲ್ಲಿ ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ 96 ವರ್ಷದ ಹಿರಿಯ ತಾಯಿಗೆ ತೊಗಲುಗೊಂಬೆ ಆಟಕ್ಕಾಗಿ ಪದ್ಮಶ್ರೀ ಬಂದಿತು. ನಮಗೆ ಸಂತೋಷವೇ. ಆದರೆ ಈ ಮನೆತನಗಳು ತಲೆತಲಾಂತರದಿಂದ ಬಿಳಿ ಅರಿವೆ ಕಟ್ಟಿ, ಹಿಂದೆ ದೀಪ ಹಚ್ಚಿ, ರಾಮಾಯಣ ಮಹಾಭಾರತ ಆಡಿಸುತ್ತ ಬಂದಿದ್ದವು. ಮಳೆ ಬಾರದಿದ್ದರೆ ಊರವರೇ ಕರೆಸಿ ಆಡಿಸುತ್ತಿದ್ದರು. ಕಂಪನಿ ನಾಟಕಗಳಲ್ಲಿ ಗಂಡಸರು ಸೀರೆ ಉಟ್ಟು ಹೆಣ್ಣುಪಾತ್ರ ಮಾಡುತ್ತಿದ್ದ ಕಾಲದಲ್ಲೂ ಇಲ್ಲಿ ಪರದೆಯ ಹಿಂದೆ ಹೆಂಗಸರು ಹಾಡುತ್ತಿದ್ದರು. ಇದು ನಾಟಕದ ಚರಿತ್ರೆಯಲ್ಲವೆ?

ವಿದ್ವಾಂಸರು ಗೊಂಬೆಯನ್ನು ಮರೆತಿಲ್ಲ, ನಿಜ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ.ಎಸ್. ನಂಜುಂಡರಾಯರು ಊರೂರಿನ ಗೊಂಬೆ ಕೂಡಿಸಿ ಉಳಿಸಿದರು. ಆ ಉಪಕಾರ ದೊಡ್ಡದು. ನಮ್ಮ ತಕರಾರು ಬೇರೆ. ಗೋಡೆಗೆ ಏರಿದ ಗೊಂಬೆ ಚಿತ್ರವಾಗುತ್ತದೆ, ನಾಟಕವಾಗಿ ಉಳಿಯುವದಿಲ್ಲ. ನಮ್ಮ ಗೊಂಬೆಗಳಲ್ಲಿ ಅರಸನ ಅಳತೆ ದೊಡ್ಡದು, ಆಳಿನದು ಚಿಕ್ಕದು. ಅಲ್ಲಿಯೂ ವರ್ಗಭೇದ ನೋಡಿರಿ! ಇದನ್ನು ಟೇಪು ಹಿಡಿದು ಅಳೆಯಬಹುದು. ಆದರೆ ಆ ಅರಸರ ನಡುವೆ ನುಗ್ಗಿ, ನಿದ್ದೆಗಣ್ಣಿನ ಊರನ್ನು ನಗಿಸುವ ಕಿಳ್ಳೇಕ್ಯಾತ ಬಂಗಾರಕ್ಕರ ಮಾತು ಆ ಊರಿನಲ್ಲಿ, ಆ ರಾತ್ರಿ ಹುಟ್ಟಿದ್ದು. ಅದನ್ನು ಯಾವ ಗೋಡೆಗೆ ತೂಗುಹಾಕುವಿರಿ?

ಜರ್ಮನಿಯಲ್ಲಿ ಮ್ಯಾಕ್ಸ್ ಹರ್ಮನ್ ಎಂಬ ಪ್ರಾಧ್ಯಾಪಕರು ಹೊತ್ತಿಗೆಯೇ ನಾಟಕವಲ್ಲ, ಆಡುವವರೂ ನೋಡುವವರೂ ಕೂಡಿದಾಗಲೇ ರಂಗಭೂಮಿ ಎಂದು ಸಾಧಿಸಿದರು. 1923ರಲ್ಲಿ ಬರ್ಲಿನ್ನಿನಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಎದ್ದಿತು. ಈ ಮಾತು ಗಂಗಾವತಿ ಸಂತೆಯ ವ್ಯಾಪಾರಿಗೆ ಹೊಸದೇನಲ್ಲ. ಊರ ಆಟಕ್ಕೆ ಪಟ್ಟಿ ಕೊಡುವವನು ಅವನು. ಎಣ್ಣೆ, ಅರಿವೆ ಉದ್ರಿ ಕೊಟ್ಟವನೂ ಅವನೇ. ಆ ಉದ್ರಿ ಪುಸ್ತಕವೂ ರಂಗಭೂಮಿಯ ದಾಖಲೆಯೇ ಎಂದು ನಾವು ಹೇಳುತ್ತೇವೆ.

ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನು ಚೀಲಕ್ಕೆ ಇಷ್ಟೆಂದು ದರ ಕೇಳಿ ಹೋರಾಡುತ್ತಾನೆ. ರಾತ್ರಿಯಿಡೀ ಗೊಂಬೆ ಆಡಿಸಿದವನ ದರವೆಷ್ಟು? ಅವನ ಬಾಯಿಯ ಹಾಡಿನಿಂದ ಪ್ರಬಂಧ ಬರೆದವನಿಗೆ ಪದವಿ, ನೌಕರಿ, ಪಿಂಚಣಿ. ಹಾಡಿದವನಿಗೆ ಒಂದು ಶಾಲು!

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಗಂಗಾವತಿಗೆ ದೂರವಿಲ್ಲ. ನಮ್ಮ ಬೇಡಿಕೆ ಸರಳವಾಗಿದೆ. ತುಣುಕು ಬೇಡ, ಇಡೀ ರಾತ್ರಿಯ ಆಟಗಳನ್ನು ನಮ್ಮ ಊರುಗಳಲ್ಲಿಯೇ, ಜನರ ಎದುರಿನಲ್ಲಿಯೇ ಮುದ್ರಿಸಿರಿ. ಒಂದು ಪ್ರತಿ ಕಲಾವಿದರ ಮನೆಯಲ್ಲಿರಲಿ. ದಾಖಲೆಯ ಮೇಲೆ ಸಂಶೋಧಕರ ಹೆಸರಿನ ಜೊತೆಗೆ ಹಾಡಿದವರ ಹೆಸರೂ ಇರಲಿ. ಆ ರಾತ್ರಿಯ ಕೂಲಿಯನ್ನು ಬೆಳಗಾಗುವದರೊಳಗೆ ಕೈಯಲ್ಲಿ ಇಡಿರಿ.